‘ಬನಾರಸ್, 1883’ ಅಂತಿದ್ದರೆ ಅದು ಅಸಲಿ ಪ್ರತಿಯೇ?

ನಮಸ್ಕಾರ ರೀ. ಅಜ್ಜನ ಟ್ರಂಕಿನಲ್ಲಿ ಸಿಕ್ಕ ಇಂಗ್ಲಿಷ್ ಕಾಮಸೂತ್ರದ ಮೇಲೆ ‘ಬನಾರಸ್, 1883’ ಅಂತ ಇದೆ, ಇದು ಕಾಶಿಯಲ್ಲಿ ಅಚ್ಚಾದ ಮೊದಲ ಪ್ರತಿಯಾ ಅಂತ ಕೇಳಿದ್ದೀರಿ. ಬಹುಶಃ ಅಲ್ಲ.

ಆ ವಿಳಾಸವೇ ಒಂದು ನಾಟಕ. ಇಂಗ್ಲೆಂಡಿನಲ್ಲಿ 1857ರ ಅಶ್ಲೀಲತೆ ಕಾಯ್ದೆಯ ಭಯ ಇತ್ತು. ಅದಕ್ಕೇ ಈ ಇಂಗ್ಲಿಷ್ ಅನುವಾದ ಹೊರತಂದ ರಿಚರ್ಡ್ ಬರ್ಟನ್ ಮತ್ತು ಅರ್ಬತ್‌ನಾಟ್ ಸೇರಿ ‘ಕಾಮಶಾಸ್ತ್ರ ಸೊಸೈಟಿ, ಲಂಡನ್ ಮತ್ತು ಬನಾರಸ್’ ಅಂತ ಹೆಸರಿಟ್ಟು, ‘ಖಾಸಗಿ ಹಂಚಿಕೆಗೆ ಮಾತ್ರ’ ಅಂತ ಹಾಕಿಸಿದರು. ಹತ್ತು ವರ್ಷ ಮೊದಲು, 1873ರಲ್ಲಿ, ಅನಂಗರಂಗ ಅನ್ನೋ ಇನ್ನೊಂದು ಕಾಮಶಾಸ್ತ್ರದ ಪುಸ್ತಕ ಅಚ್ಚು ಹಾಕಿಸಲು ಹೋದಾಗ ಪ್ರೆಸ್ಸಿನವರೇ ಹೆದರಿ ಕೈಬಿಟ್ಟಿದ್ದರು. ಅನುವಾದದ ಅಸಲಿ ಕೆಲಸ ಜಾಸ್ತಿ ಮಾಡಿದ್ದು ಭಗವಾನ್‌ಲಾಲ್ ಇಂದ್ರಜಿ ಮತ್ತು ಶಿವರಾಮ ಪರಶುರಾಮ ಭಿಡೆ. ಹೆಸರು ಬಂದದ್ದು ಬರ್ಟನ್‌ಗೆ. ಕಾಮಸೂತ್ರದ ಸಂಸ್ಕೃತ ಮೂಲ, ಅದರ ಹಳೆ ವ್ಯಾಖ್ಯಾನವಾದ ಜಯಮಂಗಲಾ ಟೀಕೆಯ ಜೊತೆ ಮುಂಬೈನಲ್ಲಿ 1891ರಲ್ಲಿ ಬಂತು, ಪಂಡಿತ ದುರ್ಗಾಪ್ರಸಾದರ ಸಂಪಾದನೆಯಲ್ಲಿ.

ಆಮೇಲಿನ ಎಷ್ಟೋ ಮರುಮುದ್ರಣಗಳು ಆ ಹಳೆ ಮುಖಪುಟವನ್ನೇ ಒಳಗೆ ಹಾಗೇ ಹಾಕಿವೆ. ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಹಳೆ ಪುಸ್ತಕದ ರಾಶಿಯಲ್ಲಿ ನನಗೂ ಒಂದು ಸಿಕ್ಕಿತ್ತು. ಖುಷಿಯಿಂದ ಮನೆಗೆ ತಂದು ಹಿಂದೆ ತಿರುಗಿಸಿದರೆ ಬಾರ್‌ಕೋಡ್! ನೀವೂ ಮೊದಲು ಮುಖಪುಟದ ಹಿಂಬದಿ ನೋಡಿ. ರೂಪಾಯಿ ಬೆಲೆಯೋ ಪಿನ್‌ಕೋಡೋ ಇದ್ದರೆ ಅಲ್ಲಿಗೆ ಮುಗೀತು.

ಅಂದಹಾಗೆ, ಈ ವಿಷಯಕ್ಕೆ ಸಂಸ್ಕೃತವೇ ಬೇಕಂತಿಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 11ನೇ ಶತಮಾನದಲ್ಲೇ ಚಂದ್ರರಾಜ ಕನ್ನಡದಲ್ಲಿ ‘ಮದನತಿಲಕ’ ಬರೆದಿದ್ದ. ಅದರ ಬಗ್ಗೆ ಯಾರೂ ಕೇಳೋದೇ ಇಲ್ಲ, ಅಲ್ವಾ?

ಆ ಪುಟದ ಫೋಟೋ ಇದ್ದರೆ ಹಾಕಿ, ನೋಡಿ ಹೇಳುತ್ತೇನೆ.