ಬಡತನಕ್ಕೆ ಸೋಮಾರಿತನವೇ ಕಾರಣವೆಂದು ಮಲೆನಾಡಿನಲ್ಲಿಯೂ ಅನೇಕರು ನಂಬುವುದೇಕೆ?

ಬಡತನಕ್ಕೆ ಜನರು ಕೊಡುವ ಕಾರಣಗಳನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಜೋ ಫೀಗಿನ್ 1972ರಲ್ಲಿ ಮೂರಾಗಿ ವಿಂಗಡಿಸಿದರು: ವ್ಯಕ್ತಿಯ ಗುಣದೋಷ, ಸಮಾಜದ ವ್ಯವಸ್ಥೆ ಮತ್ತು ಅದೃಷ್ಟ. ಮೂರನೆಯದಕ್ಕೆ ನಮ್ಮಲ್ಲಿ ‘ಪಡೆದುಕೊಂಡು ಬಂದದ್ದು’ ಎಂಬ ಮಾತು ಸಿದ್ಧವಾಗಿಯೇ ಇದೆ.

ಮೊದಲನೆಯದು ಹೆಚ್ಚು ಬೇರೂರಲು ಮುಖ್ಯ ಕಾರಣವೆಂದರೆ, ದುಡಿಮೆ ಕಣ್ಣಿಗೆ ಕಾಣುತ್ತದೆ, ಜಮೀನಿನ ಚರಿತ್ರೆ ಕಾಣುವುದಿಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ತೋಟದ ಯಜಮಾನ ಪಡುವ ಪಾಡನ್ನು ಊರೆಲ್ಲ ನೋಡುತ್ತದೆ. ಆದರೆ ಅದೇ ತೋಟದಲ್ಲಿ ಮರವೇರಿ ಔಷಧಿ ಹೊಡೆಯುವವನು ಅವನಿಗಿಂತ ಕಡಿಮೆ ದುಡಿಯುತ್ತಾನೆಂದು ಯಾರೂ ಹೇಳಲಾರರು. ಅವರಿಬ್ಬರ ನಡುವಿನ ವ್ಯತ್ಯಾಸವಿರುವುದು ಪಹಣಿಯಲ್ಲಿ. ಸಾಗರ ತಾಲ್ಲೂಕಿನ ಗೇಣಿದಾರರು 1951ರ ಕಾಗೋಡು ಸತ್ಯಾಗ್ರಹದಲ್ಲಿ ಎತ್ತಿದ್ದು ಈ ವ್ಯವಸ್ಥೆಯ ಪ್ರಶ್ನೆಯನ್ನೇ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಅನೇಕ ಗೇಣಿದಾರರು ಒಡೆಯರಾದರು. ಅವರೇನೂ ಆ ವರ್ಷ ಹೆಚ್ಚು ಶ್ರಮಜೀವಿಗಳಾಗಿರಲಿಲ್ಲ.

ಶ್ರಮಕ್ಕೂ ಮಿತವ್ಯಯಕ್ಕೂ ಬೆಲೆಯಿಲ್ಲವೆಂದಲ್ಲ. ಸಮಾನ ಜಮೀನಿರುವ ಇಬ್ಬರಲ್ಲಿ ಅವು ವ್ಯತ್ಯಾಸ ತರುತ್ತವೆ. ಆದರೂ ಅಡಿಕೆ ಧಾರಣೆ ಏರಿದಾಗ ಲಾಭವನ್ನು ತನ್ನ ಜಾಣತನವೆನ್ನುವ ಬೆಳೆಗಾರನೇ, ಅದು ಕುಸಿದಾಗ ಆಮದು ನೀತಿಯನ್ನು ದೂರುತ್ತಾನೆ.