ಪಕ್ಕದ ಕಪ್ಪು ಪಟ್ಟಿ ಇರಲಿ ಬಿಡಿ, ಮೊದಲು ಜೂಮ್ ತೆಗೆಯಿರಿ

ಸರ್, ನಿಮ್ಮ ಟಿವಿ ಫೋಟೋ ನೋಡಿ ಸುಮ್ನೆ ಇರಲು ಆಗಲಿಲ್ಲ. ಹೊಸ 55 ಇಂಚಿನ ಟಿವಿಯಲ್ಲಿ ಹಳೇ ಹಾಲಿವುಡ್ ಕುಣಿತದ ಚಿತ್ರ ‘ಸ್ವಿಂಗ್ ಟೈಮ್’ ಹಾಕಿದ್ದೀರಿ, ಖುಷಿಯಾಯಿತು. ಆದರೆ “ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತಿತ್ತು, ಜೂಮ್ ಮಾಡಿದೆ, ಪರದೆ ತುಂಬಿತು” ಎಂದು ಬರೆದಿದ್ದೀರಿ. ಫೋಟೋದಲ್ಲಿ ಅದರ ನಾಯಕ, ನರ್ತಕ ಫ್ರೆಡ್ ಆಸ್ಟೇರ್ ಮೊಣಕಾಲಿಗೇ ಮುಗಿದುಹೋಗಿದ್ದಾರೆ. ದಯವಿಟ್ಟು ಇವತ್ತೇ ಸರಿಮಾಡಿ.

ಇದೇ ತಪ್ಪನ್ನು ನಾನೂ ಮಾಡಿದ್ದೆ. ಅಪ್ಪ ಬೆಂಗಳೂರಿನ ಎಂ.ಜಿ. ರಸ್ತೆಯ ಪ್ಲಾಜಾ ಚಿತ್ರಮಂದಿರದಲ್ಲಿ ಇಂಗ್ಲಿಷ್ ಸಿನಿಮಾ ನೋಡಿ ಬೆಳೆದವರು. ಅವರಿಗಾಗಿಯೇ ಆಸ್ಟೇರ್ ಕುಣಿದ ‘ಟಾಪ್ ಹ್ಯಾಟ್’ ಡಿವಿಡಿ ತರಿಸಿದ್ದೆ. ದೊಡ್ಡ ಟಿವಿ ಇದೆ, ತುಂಬಾ ಕಾಣಲಿ ಅಂತ ಜೂಮ್ ಒತ್ತಿದೆ. ‘ಚೀಕ್ ಟು ಚೀಕ್’ ಹಾಡು ಬಂತು. ಅಪ್ಪ ಸ್ವಲ್ಪ ಹೊತ್ತು ನೋಡಿ, “ಪಾದ ಎಲ್ಲೋ ಇವನದ್ದು?” ಎಂದರು. ಹಳೇ ಪ್ರಿಂಟ್ ಅಪ್ಪ, ಹೀಗೇ ಇರುತ್ತೆ ಅಂದುಬಿಟ್ಟೆ. ಅವರು ಅರ್ಧಕ್ಕೇ ಎದ್ದುಹೋದರು.

ತಪ್ಪು ಪ್ರಿಂಟ್‌ದಲ್ಲ, ರಿಮೋಟ್ ಹಿಡಿದ ನನ್ನದು ಎಂದು ತಿಳಿಯಲು ತಿಂಗಳುಗಳೇ ಬೇಕಾದವು. ತಲೆಯಿಂದ ಪಾದದವರೆಗೆ ಪೂರ್ತಿ ಮೈ ಚೌಕಟ್ಟಿನಲ್ಲಿರಬೇಕು, ನಡುವೆ ಕಟ್ ಕಡಿಮೆ ಇರಬೇಕು ಎಂದು ಆಸ್ಟೇರ್ ಹಟ ಹಿಡಿದು ಕುಣಿತ ಚಿತ್ರೀಕರಿಸುತ್ತಿದ್ದರು. ನಾವು ಒಂದು ಬಟನ್ ಒತ್ತಿ ಅದನ್ನೇ ಕತ್ತರಿಸುತ್ತೇವೆ. ಲೆಕ್ಕ ನೋಡಿ. 1932ರಿಂದ 1953ರವರೆಗಿನ ಹಾಲಿವುಡ್ ಚಿತ್ರಗಳು ಹೆಚ್ಚುಕಮ್ಮಿ ಎಲ್ಲವೂ 1.37 ಅಳತೆಯವು, ಅಂದರೆ ಎತ್ತರ 1 ಆದರೆ ಅಗಲ 1.37. ನಿಮ್ಮ ಟಿವಿ 1.78. ಅಗಲ ತುಂಬಿಸಲು ಹೋದರೆ ಎತ್ತರದಲ್ಲಿ ಶೇ. 23ರಷ್ಟು ಚಿತ್ರ ಹೋಗುತ್ತದೆ. ಹೆಚ್ಚುಕಮ್ಮಿ ಕಾಲು ಭಾಗ!

ಆಮೇಲೆ ಸರಿಮಾಡಿ ಅಪ್ಪನನ್ನು ಮತ್ತೆ ಕೂರಿಸಿದೆ. ಅದೇ ಹಾಡಿನಲ್ಲಿ ನಾಯಕಿ ಜಿಂಜರ್ ರಾಜರ್ಸ್ ಉಟ್ಟ ಗರಿಯ ಗೌನ್ ಇದೆಯಲ್ಲ, ಅದರ ಗರಿಗಳು ಕುಣಿಯುವಾಗ ಒಂದೊಂದೇ ಉದುರಿ ನೆಲಕ್ಕೆ ಇಳಿಯುತ್ತವೆ. ಅಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು. “ನೋಡು, ಗರಿ ಬಿತ್ತು” ಅಂತ ಬೆರಳು ತೋರಿಸಿದರು. ಮೊದಲ ಸಲ ನೆಲವೇ ಕಾಣದಿದ್ದ ಮೇಲೆ ಗರಿ ಎಲ್ಲಿ ಕಾಣಬೇಕು?

ಸರಿಯಾಗಿದೆಯಾ ಎಂದು ನೋಡಲು ನನ್ನದೊಂದು ಉಪಾಯ. ನಿಮ್ಮದು ಆರ್‌ಕೆಓ ಸ್ಟುಡಿಯೋದ ಚಿತ್ರ. ಶುರುವಿನಲ್ಲಿ ಭೂಗೋಳದ ಮೇಲೆ ರೇಡಿಯೋ ಗೋಪುರ ಬರುತ್ತದಲ್ಲ, ಅಲ್ಲಿ ಪಾಜ್ ಮಾಡಿ. ಗೋಳ ಕುಂಬಳಕಾಯಿಯಂತೆ ಅಗಲವಾಗಿದ್ದರೆ ಚಿತ್ರವನ್ನು ಎಳೆದಿದ್ದೀರಿ. ಗೋಪುರದ ತುದಿ ಮಾಯವಾಗಿದ್ದರೆ ಜೂಮ್ ಇದೆ. ಗೋಳ ಗುಂಡಗಿದ್ದು ತುದಿಯೂ ಕಂಡರೆ ಸರಿ. ಎಲ್‌ಜಿ ಆದರೆ ‘ಜಸ್ಟ್ ಸ್ಕ್ಯಾನ್’ ಕೂಡ ಆನ್ ಮಾಡಿ, ಇಲ್ಲದಿದ್ದರೆ ನಾಲ್ಕು ಅಂಚಲ್ಲೂ ಸ್ವಲ್ಪ ಸ್ವಲ್ಪ ತಿನ್ನುತ್ತದೆ.

ಆದರೆ ಇದನ್ನೇ ಎಲ್ಲಕ್ಕೂ ಹಚ್ಚಬೇಡಿ. 1953ರಲ್ಲಿ ‘ದಿ ರೋಬ್’ ಜೊತೆ ತುಂಬಾ ಅಗಲದ ಪರದೆಯ ಸಿನೆಮಾಸ್ಕೋಪ್ ಬಂತು. ಅಲ್ಲಿಂದಾಚೆ ಪಟ್ಟಿ ಮೇಲೆ ಕೆಳಗೆ ಬರಬಹುದು. ಅದೂ ಇರಲಿ. ಕೆಲವು ಹಳೇ ಡಿವಿಡಿಯಲ್ಲಿ ಅಗಲದ ಚಿತ್ರವನ್ನು ಚಿಕ್ಕದು ಮಾಡಿ ತುಂಬಿರುತ್ತಾರೆ, ನಾಲ್ಕೂ ಕಡೆ ಕಪ್ಪು. ಜೂಮ್ ಬಟನ್ ಇರುವುದು ಅದಕ್ಕೆ, ಅದಕ್ಕೆ ಮಾತ್ರ. ಮೂಕಿಯಿಂದ ಟಾಕಿಗೆ ಹೊರಳಿದ ಕಾಲದ ಕೆಲವು ಚಿತ್ರ ಇನ್ನೂ ಕಿರಿದು, 1.2ರ ಆಸುಪಾಸು. ಗಾಬರಿ ಬೇಡ.

“ಚಿತ್ರ ತುಂಬಾ ಸ್ಮೂತ್ ಆಗಿ ಓಡುತ್ತೆ” ಅಂತಲೂ ಬರೆದಿದ್ದೀರಿ. ಅದೂ ತಪ್ಪೇ ಸರ್! ಆ ಸೆಟ್ಟಿಂಗ್ ಹೆಸರು ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್. ಸಿನಿಮಾದ ಸೆಕೆಂಡಿಗೆ 24 ಫ್ರೇಮ್‌ಗಳ ನಡುವೆ ಟಿವಿ ತಾನೇ ಫ್ರೇಮ್ ಹುಟ್ಟಿಸಿ ಸೇರಿಸುತ್ತದೆ. ಆಸ್ಟೇರ್ ಧಾರಾವಾಹಿಯಲ್ಲಿ ಕುಣಿದಂತೆ ಕಾಣುತ್ತದೆ. ಪೂರ್ತಿ ಆಫ್ ಮಾಡಿ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದೊಂದೇ ಸಾಕು.

ಇನ್ನು ಪ್ರಿಂಟ್ ವಿಚಾರ. ‘ಶರೇಡ್’ 1963ರದ್ದು. ಅದರಲ್ಲಿ ಕಾಪಿರೈಟ್ ಸೂಚನೆ ಸರಿಯಾಗಿ ಹಾಕದೆ ಬಿಟ್ಟರು, ಹಾಗಾಗಿ ಅಮೆರಿಕದಲ್ಲಿ ಚಿತ್ರ ಸಾರ್ವಜನಿಕ ಸ್ವತ್ತಾಯಿತು. ಅಲ್ಲಿ ಯಾರು ಬೇಕಾದರೂ ಡಿಸ್ಕ್ ಮಾಡಿ ಮಾರಬಹುದು, ಮಾರಿದ್ದಾರೆ. ‘ಹಿಸ್ ಗರ್ಲ್ ಫ್ರೈಡೇ’ ಗತಿಯೂ ಅದೇ. ಮಂಜು ಮಂಜಾದ ಅಗ್ಗದ ಪ್ರಿಂಟ್ ನೋಡಿ “ಹಳೇ ಸಿನಿಮಾ ಬೋರ್” ಅನ್ನಬೇಡಿ. ಬಣ್ಣ ಹಚ್ಚಿದ ಪ್ರತಿಗಳನ್ನಂತೂ ಮುಟ್ಟಲೇಬೇಡಿ. ಕಪ್ಪು ಬಿಳುಪಿಗಾಗಿಯೇ ಬೆಳಕು ಹೊಂದಿಸಿ ತೆಗೆದ ಚಿತ್ರಕ್ಕೆ ಆಮೇಲೆ ಬಣ್ಣ ಬಳಿಯುವುದು ಅನ್ಯಾಯ ಅಲ್ವಾ?

ನಮ್ಮ ಕಡೆಯ ಡಿವಿಡಿ (ಪಾಲ್ ಎಂಬ ಟಿವಿ ಪದ್ಧತಿಯದು) ಸೆಕೆಂಡಿಗೆ 25 ಫ್ರೇಮ್ ಓಡುತ್ತದೆ. 100 ನಿಮಿಷದ ಚಿತ್ರ 96ಕ್ಕೆ ಮುಗಿಯುತ್ತದೆ, ಹಾಡಿನ ಶ್ರುತಿಯೂ ಸಾಮಾನ್ಯವಾಗಿ ಒಂಚೂರು ಏರಿರುತ್ತದೆ. ಮ್ಯೂಸಿಕಲ್‌ಗಳಿಗೆ ಬ್ಲೂ-ರೇ ವಾಸಿ. ಡಿಸ್ಕ್ ತರುವ ಕ್ರೈಟೀರಿಯನ್ ಕಂಪನಿ 2019ರಲ್ಲಿ ‘ಸ್ವಿಂಗ್ ಟೈಮ್’ ಬ್ಲೂ-ರೇ ತಂದಿದೆ. ಬೆಲೆ ಜಾಸ್ತಿ, ಆದರೆ ಹಳೇ ಚಿತ್ರಗಳ ಮಟ್ಟಿಗೆ ನಾನು ಕಣ್ಣುಮುಚ್ಚಿ ನಂಬುವುದು ಅವರನ್ನೇ. ಕೊನೆಯ ಕುಣಿತವಾದ ‘ನೆವರ್ ಗೊನ್ನಾ ಡಾನ್ಸ್’ ಹಾಡಿನಲ್ಲಿ ಇಬ್ಬರೂ ಮೆಟ್ಟಿಲೇರುವುದನ್ನು ತಲೆಯಿಂದ ಪಾದದವರೆಗೆ ನೋಡಿ. ಆ ಹಾಡಿಗೆ ನಲವತ್ತಕ್ಕೂ ಹೆಚ್ಚು ಟೇಕ್ ಆಗಿ ರಾಜರ್ಸ್ ಕಾಲಲ್ಲಿ ರಕ್ತ ಬಂದಿತ್ತು.

ಒಂದೇ ತೊಡಕು. ಬ್ಲೂ-ರೇ ಡಿಸ್ಕ್‌ಗೂ ಪ್ಲೇಯರ್‌ಗೂ ಮಾರುವ ಪ್ರದೇಶದ ಗುರುತು (ರೀಜನ್) ಇರುತ್ತದೆ, ಎರಡೂ ಹೊಂದಬೇಕು. ಅದು ರೀಜನ್ ‘ಎ’ ಡಿಸ್ಕ್, ಇಲ್ಲಿ ಕೊಂಡ ಪ್ಲೇಯರ್ ರೀಜನ್ ‘ಸಿ’. ಹಾಕಿದರೆ ಓಡುವುದಿಲ್ಲ. 4ಕೆ ಡಿಸ್ಕ್‌ಗಳಿಗೆ ಈ ರಗಳೆ ಇಲ್ಲ. ಆರ್ಡರ್ ಮಾಡುವ ಮುಂಚೆ ನಿಮ್ಮ ಪ್ಲೇಯರ್ ಮಾಡೆಲ್ ನಂಬರ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.