ಶತಪಥ ಹಾಕುವ ತಮ್ಮ, ವಾಕಿಂಗ್‌ಗೆ ಬಾ ಎನ್ನುವ ಅಕ್ಕ

ನನ್ನ ಹತ್ತಿರ ಸಲಹೆಗೆ ಮೊದಲು ಬಂದವರು ಅಕ್ಕ ಒಬ್ಬರೇ. ತಮ್ಮನಿಗೆ ಮೂವತ್ತರ ಆಸುಪಾಸು. ಕೆಲವು ವರ್ಷಗಳ ಹಿಂದೆ ಸ್ಕಿಜೋಫ್ರೇನಿಯಾ ಇದೆ ಎಂದು ಗೊತ್ತಾಗಿತ್ತು. ಈಗ ರಾತ್ರಿ ಓಲಾಂಜಪಿನ್ ಮಾತ್ರೆ ತೆಗೆದುಕೊಳ್ಳುತ್ತಾನೆ. ಯಾರೋ ಬೆನ್ನು ಹತ್ತಿದ್ದಾರೆ ಎಂಬ ಭಯ ಬಹಳ ತಗ್ಗಿದೆ. ಕಿವಿಯಲ್ಲಿ ಕೇಳುವ ದನಿಗಳು ಮಾತ್ರ ಆಗಾಗ ಬಂದು ಹೋಗುತ್ತವೆ. ಆದರೆ ತೂಕ ಏರಿದೆ, ರಕ್ತದ ಸಕ್ಕರೆಯೂ ಗಡಿ ಹತ್ತಿರ ಬಂದಿದೆ. ಮನೋವೈದ್ಯರು ದಿನಾ ಸ್ವಲ್ಪ ನಡೆಯಲಿ ಅಂದಿದ್ದಾರೆ. (ಗುರುತು ಸಿಗಬಾರದೆಂದು ವಯಸ್ಸು, ಮನೆ, ಕೆಲಸದ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರಿಗೂ ತಿಳಿಸಿ, ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

"ಹನ್ನೊಂದಕ್ಕೆ ಏಳ್ತಾನೆ, ತಿಂತಾನೆ, ಮತ್ತೆ ಮಲಗ್ತಾನೆ ಮೇಡಂ. ಸಾಯಂಕಾಲ ಆದ್ರೆ ರೂಮಲ್ಲೇ ಶತಪಥ ಹಾಕ್ತಾನೆ. ಅದನ್ನೇ ಹೊರಗೆ ಹಾಕು ಅಂದ್ರೆ ಆಗಲ್ಲ. ಬರೀ ಸೋಮಾರಿತನ."

ಅವರು ಸುಮ್ನೆ ಕೂತವರಲ್ಲ. ಬೆಳಿಗ್ಗೆ ಆರಕ್ಕೇ ಹೊದಿಕೆ ಎಳೆದು ಎಬ್ಬಿಸಿದ್ದಾರೆ. ಬೇಡಿಕೊಂಡಿದ್ದಾರೆ, ರೇಗಿದ್ದಾರೆ. ಕೊನೆಗೆ ಹೆಜ್ಜೆ ಎಣಿಸುವ ಕೈಗಡಿಯಾರ ತಂದು ಕಟ್ಟಿದ್ದಾರೆ. ಅವನು ಎಷ್ಟು ಹೆಜ್ಜೆ ಹಾಕಿದ, ಎಲ್ಲಿದ್ದಾನೆ ಎಂಬುದೆಲ್ಲ ಇವರ ಫೋನಿನಲ್ಲಿ ಕಾಣುವ ಹಾಗೆ. ಒಂದು ದಿನ "ಇವತ್ತು ಬರೀ ಇನ್ನೂರು ಹೆಜ್ಜೆ ಕಣೋ" ಅಂದಿದ್ದಾರೆ. ಅವನು ಗಡಿಯಾರ ಬಿಚ್ಚಿ ನೀರಿನ ಬಕೆಟ್ಟಿಗೆ ಹಾಕಿದ. ಆಮೇಲೆ ಹಲವು ದಿನ ಕೋಣೆಯಿಂದ ಹೊರಗೇ ಬರಲಿಲ್ಲ.

"ನನ್ನ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ, ಎಲ್ಲಿ ಹೋದರೂ ಅವರಿಗೆ ಗೊತ್ತಾಗುತ್ತೆ ಎಂಬುದೇ ಅವನ ಕಾಯಿಲೆಯ ದೊಡ್ಡ ಭಯ ಆಗಿತ್ತು, ಅಲ್ವಾ?" ಎಂದು ಕೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ನಾನೂ ಅದನ್ನು ಮುಂದೆ ಎಳೆಯಲಿಲ್ಲ. ಒಳ್ಳೆಯದಾಗಲಿ ಅಂತಲೇ ತಂದಿದ್ದರು.

ಸೋಮಾರಿತನ ಎಂಬ ಮಾತಿನ ಬಗ್ಗೆ ಮಾತ್ರ ನೇರವಾಗಿಯೇ ಹೇಳಿದೆ. ಈ ಕಾಯಿಲೆಯಲ್ಲಿ ದನಿ, ಭಯ ಎಲ್ಲರ ಕಣ್ಣಿಗೂ ಬೀಳುತ್ತವೆ. ಕಣ್ಣಿಗೆ ಬೀಳದ ಇನ್ನೊಂದು ಮುಖ ಇದೆ. ಏನನ್ನಾದರೂ ಶುರು ಮಾಡುವ ಉಮೇದೇ ಹುಟ್ಟುವುದಿಲ್ಲ, ಮಾಡಿದರೂ ಖುಷಿ ಸಿಗುವುದಿಲ್ಲ. ಮಾತ್ರೆಗಳು ದನಿಯನ್ನು ತಗ್ಗಿಸುವಷ್ಟು ಚೆನ್ನಾಗಿ ಇದನ್ನು ತಗ್ಗಿಸುವುದಿಲ್ಲ. ಅದರ ಮೇಲೆ ಓಲಾಂಜಪಿನ್ ನಿದ್ದೆ ತರಿಸುತ್ತದೆ, ಹಸಿವು ಹೆಚ್ಚಿಸುತ್ತದೆ. ಬೆಳಿಗ್ಗೆ ಆರಕ್ಕೆ ಅವನ ಮೈಯಲ್ಲಿ ಮಾತ್ರೆಯ ಮಂಪರು ಇನ್ನೂ ಇಳಿದಿರುವುದಿಲ್ಲ. ವಾಕಿಂಗ್ ಅಂದರೆ ಮುಂಜಾನೆಯೇ ಎಂದು ನಾವು ಯಾಕೆ ಹಟ ಹಿಡಿಯುತ್ತೇವೋ!

ಇನ್ನೊಂದು ಮಾತನ್ನೂ ಹೇಳಬೇಕಿತ್ತು. ಸ್ಕಿಜೋಫ್ರೇನಿಯಾ ಇರುವವರು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಏನಾಗುತ್ತದೆ ಎಂದು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1950ರ ದಶಕದಿಂದ ನೋಡುತ್ತ ಬಂದರು. ಟೀಕೆ, ಸಿಟ್ಟು, ಅತಿಯಾದ ಕಾಳಜಿ ಜಾಸ್ತಿ ಇದ್ದ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದೂ ಜಾಸ್ತಿ ಎಂದು 1972ರಲ್ಲಿ ವರದಿ ಮಾಡಿದರು. ಮನೆಯವರಿಂದಲೇ ಕಾಯಿಲೆ ಬಂತು ಅಂತ ಇದರ ಅರ್ಥ ಅಲ್ಲ. ಆದರೆ ದಿನಾ ಬೈದು ನಡೆಸಿದರೆ ನಡಿಗೆಯಿಂದ ಬಂದ ಲಾಭ ಬೈಗುಳದಲ್ಲೇ ಕರಗಿಹೋಗಬಹುದು. ಅದಕ್ಕೇ ಮೊದಲ ಸಲಹೆ ಇಷ್ಟೇ ಆಗಿತ್ತು: ಕೆಲವು ವಾರ ನಡಿಗೆಯ ಮಾತೇ ಎತ್ತಬೇಡಿ. ಗಡಿಯಾರ ಒಳಗಿಡಿ. ಸಾಧ್ಯವಾದರೆ ಅವನನ್ನು ಕರೆದುಕೊಂಡು ಬನ್ನಿ, ಬರಲ್ಲ ಅಂದರೆ ಬಲವಂತ ಬೇಡ.

ಸ್ವಲ್ಪ ದಿನಗಳ ಮೇಲೆ ಅವನು ಬಂದ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ, ಚಪ್ಪಲಿ ಬಿಡಲಿಲ್ಲ. ವ್ಯಾಯಾಮದ ಬಗ್ಗೆ ನಾನು ಕೇಳಲೇ ಇಲ್ಲ. "ಸಾಯಂಕಾಲ ರೂಮಲ್ಲಿ ಓಡಾಡ್ತೀರಂತೆ. ಆಗ ಹೇಗಿರುತ್ತೆ?" ಎಂದು ಕೇಳಿದೆ.

"ನಡೆದ್ರೆ ಅವು ಸಣ್ಣಗಾಗ್ತವೆ."

ಅವು ಅಂದರೆ ದನಿಗಳು. ಸಂಜೆ ಹೊತ್ತಿಗೆ ಜೋರಾಗುತ್ತವಂತೆ. ಗೋಡೆಯಿಂದ ಗೋಡೆಗೆ ನಡೆಯುತ್ತ, ಬಾಯೊಳಗೇ ಹೆಜ್ಜೆ ಎಣಿಸಿದರೆ ಅವು ದೂರದಿಂದ ಬಂದಂತೆ ಕೇಳುತ್ತವಂತೆ. ಅಕ್ಕ "ಸುಮ್ನೆ ಒಂದು ಕಡೆ ಕೂತ್ಕೋ" ಅಂತ ಬೈದಾಗ ಕೂರುತ್ತಾನೆ. ಮತ್ತೆ ಶುರುವಾಗುತ್ತವೆ.

ಅಂದರೆ ಅವನು ಆಗಲೇ ನಡೆಯುತ್ತಿದ್ದ. ಅದಕ್ಕೆ ತನ್ನದೇ ಕಾರಣವೂ ಇತ್ತು. ನಮ್ಮ ಕಾರಣಗಳಾದ ಸಕ್ಕರೆ, ತೂಕ, ಆಯಸ್ಸು ಅವನ ತಲೆಯಲ್ಲೇ ಇರಲಿಲ್ಲ.

ಹಾಗಂತ ಶತಪಥವನ್ನೆಲ್ಲ ಒಳ್ಳೆಯ ಲಕ್ಷಣ ಅಂದುಕೊಳ್ಳುವ ಹಾಗಿಲ್ಲ. ಮನೋರೋಗದ ಕೆಲವು ಮಾತ್ರೆಗಳಿಂದ ಅಕತೀಸಿಯಾ ಎಂಬ ತೊಂದರೆ ಬರುತ್ತದೆ. ಒಳಗೇ ಚಡಪಡಿಕೆ, ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಅದು ತುಂಬಾ ಸಂಕಟದ ಸ್ಥಿತಿ, ಅದಕ್ಕೆ ವೈದ್ಯರೇ ಔಷಧಿ ಸರಿಪಡಿಸಬೇಕು. ಉನ್ಮಾದ, ಖಿನ್ನತೆ ಎರಡೂ ಬಂದು ಹೋಗುವ ಬೈಪೋಲಾರ್ ಕಾಯಿಲೆ ಇರುವವರು ನಿದ್ದೆ ಬಿಟ್ಟು ಇದ್ದಕ್ಕಿದ್ದಂತೆ ಗಂಟೆಗಟ್ಟಲೆ ವ್ಯಾಯಾಮಕ್ಕೆ ಬಿದ್ದರೆ ಉನ್ಮಾದ ಶುರುವಾಗುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಅದಕ್ಕೇ ಇವನನ್ನು ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ. ಅಕತೀಸಿಯಾ ಅಲ್ಲ ಎಂದು ಖಚಿತವಾಯಿತು. ರಕ್ತದೊತ್ತಡ, ಸಕ್ಕರೆ, ಕೊಬ್ಬು, ಸೊಂಟದ ಸುತ್ತಳತೆ ಎಲ್ಲ ನೋಡಿದರು. ಮಲಗುವ ಹೊತ್ತಿಗೆ ನುಂಗುತ್ತಿದ್ದ ಮಾತ್ರೆಯನ್ನು ಸ್ವಲ್ಪ ಬೇಗ ತೆಗೆದುಕೊಳ್ಳಲು ಹೇಳಿದರು. ಬೆಳಗಿನ ಮಂಪರು ಪೂರ್ತಿ ಹೋಗಲಿಲ್ಲ, ಕಡಿಮೆ ಆಯಿತು.

ಆಮೇಲೆ ಮೂವರೂ ಕೂತು ಮಾತಾಡಿದೆವು. ಯಾವ ಹೊತ್ತು ಎಂದು ಅವನೇ ಹೇಳಿದ: ಕತ್ತಲಾಗುವ ಮುಂಚೆ, ದನಿ ಜೋರಾಗುವ ಹೊತ್ತಿಗೆ. ಎಲ್ಲಿ ಎಂದೂ ಅವನೇ ಹೇಳಿದ: ಮೊದಲು ಮಹಡಿಯ ಮೇಲೆ. ರಸ್ತೆಗೆ ಇಳಿದರೆ ಜನ ನೋಡ್ತಾರೆ. ಎಷ್ಟು ಹೊತ್ತು ಎಂಬುದಕ್ಕೆ ನಾನೇ ಒಂದು ಮಾತು ಸೇರಿಸಿದೆ. ವಾರಕ್ಕೆ 150ರಿಂದ 300 ನಿಮಿಷ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವನ್ನು ಸದ್ಯಕ್ಕೆ ಮರೆತುಬಿಡಿ ಅಂದೆ. ಒಂದೇ ಉಸಿರಿಗೆ ಕನಿಷ್ಠ 10 ನಿಮಿಷವಾದರೂ ಇರಬೇಕು ಎಂಬ ಹಳೆಯ ಷರತ್ತನ್ನು 2020ರ ಮಾರ್ಗಸೂಚಿಯಲ್ಲಿ ಅವರೇ ಕೈಬಿಟ್ಟಿದ್ದಾರೆ. ಎಷ್ಟೇ ಕಡಿಮೆಯಾದರೂ ಏನೂ ಇಲ್ಲದಿರುವುದಕ್ಕಿಂತ ವಾಸಿ ಎಂದೂ ಹೇಳಿದ್ದಾರೆ. ಮಹಡಿಯ ನಾಲ್ಕು ಸುತ್ತೂ ಲೆಕ್ಕಕ್ಕೆ ಬರುತ್ತದೆ.

ಅಕ್ಕನಿಗೆ ಕೊಟ್ಟ ಕೆಲಸ ಕಷ್ಟದ್ದು. "ನೀನು ನಡಿ" ಅನ್ನುವ ಬದಲು ತಾವೇ ಚಪ್ಪಲಿ ಮೆಟ್ಟಿ "ನಾನು ಮೇಲೆ ಹೋಗ್ತಿದ್ದೀನಿ" ಅಂದು ಹೊರಡಬೇಕು. ಬಂದರೆ ಬಂದ, ಬರದಿದ್ದರೆ ಇಲ್ಲ. ಬಂದಾಗ ಪಕ್ಕದಲ್ಲಿ ಅವನ ವೇಗಕ್ಕೇ ನಡೆಯಬೇಕು. ಆ ಹೊತ್ತಿನಲ್ಲಿ ಮಾತ್ರೆ, ತೂಕ, ಕೆಲಸ ಹುಡುಕುವ ವಿಷಯ ಎತ್ತುವಂತಿಲ್ಲ. ಬರದಿದ್ದ ದಿನ ಮುಖ ದಪ್ಪ ಮಾಡುವಂತಿಲ್ಲ. "ಮುಖ ದಪ್ಪ ಮಾಡದೆ ಇರೋದು ನಡೆಯೋದಕ್ಕಿಂತ ಕಷ್ಟ ಮೇಡಂ" ಅಂದರು. ತಮ್ಮ ಮೊದಲ ಸಲ ನಕ್ಕ.

ಎಚ್ಚರದ ಮಾತುಗಳನ್ನೂ ಹೇಳಿದೆ. ಈ ಮಾತ್ರೆಗಳಿಂದ ಗಬಕ್ಕನೆ ಎದ್ದಾಗ ರಕ್ತದೊತ್ತಡ ಇಳಿದು ತಲೆ ತಿರುಗಬಹುದು, ಅದಕ್ಕೆ ಕೂತು, ಸ್ವಲ್ಪ ತಡೆದು ಏಳಬೇಕು. ಮೈಯ ಶಾಖ ತಗ್ಗಿಸಿಕೊಳ್ಳುವ ಶಕ್ತಿಯೂ ಕಡಿಮೆಯಾಗುತ್ತದೆ, ಉರಿಬಿಸಿಲಲ್ಲಿ ನಡೆಯುವುದು ಬೇಡ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು; ವೇಗಕ್ಕೆ ಇದೇ ಅಳತೆ. ಎದೆನೋವು, ವಿಪರೀತ ಏದುಸಿರು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಾದರೆ ಇನ್ನೊಂದು ಮಾತು ಹೇಳುತ್ತಿದ್ದೆ. ಬೆವರಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ವಾಂತಿ, ಭೇದಿ, ಜೋರು ನಡುಕ, ತೂರಾಟ ಕಂಡರೆ ತಡಮಾಡಬಾರದು.

ಮಹಡಿಯಿಂದ ರಸ್ತೆಗೆ ಇಳಿಯಲು ತಿಂಗಳುಗಳೇ ಹಿಡಿದವು. ಮಧ್ಯೆ ದನಿಗಳು ಜೋರಾಗಿ, ನಡಿಗೆಯೇ ನಿಂತುಹೋದದ್ದೂ ಇದೆ. ಆಗ ಅಕ್ಕ ಗಾಬರಿಯಿಂದ ಫೋನ್ ಮಾಡಿದರು. ಮೊದಲು ಮನೋವೈದ್ಯರ ಭೇಟಿ, ನಡಿಗೆ ಆಮೇಲೆ ಅಂದೆ. ನಿಂತಾಗ ಮತ್ತೆ ಎಲ್ಲಿಂದ ಶುರು ಮಾಡಬೇಕು ಎಂದು ನಾವು ಮುಂಚೆಯೇ ಮಾತಾಡಿಕೊಂಡಿದ್ದೆವು: ಮಹಡಿ, ಒಂದೇ ಸುತ್ತು. ಅಲ್ಲಿಂದಲೇ ಶುರು ಮಾಡಿದ.

ತೂಕದ ವಿಷಯಕ್ಕೆ ಬರುತ್ತೇನೆ. ಮನೆಯವರು ಎಡವುವುದು ಇಲ್ಲೇ. ತೂಕದ ಯಂತ್ರ ಅಲ್ಲಾಡದಿದ್ದರೆ ಎಲ್ಲ ವ್ಯರ್ಥ ಅಂದುಕೊಳ್ಳುತ್ತಾರೆ. ತೀವ್ರ ಮನೋರೋಗ ಇರುವವರಿಗೆಂದೇ ಅಮೆರಿಕದಲ್ಲಿ ಗುಂಪು ವ್ಯಾಯಾಮ, ಆಹಾರದ ಸಲಹೆ ಎಲ್ಲ ಸೇರಿಸಿ ಒಂದು ದೊಡ್ಡ ಪ್ರಯೋಗ ನಡೆಸಿದರು. 2013ರಲ್ಲಿ ಫಲಿತಾಂಶ ಬಂತು. 18 ತಿಂಗಳ ಕೊನೆಗೆ ಈ ನೆರವು ಪಡೆದವರಿಗೂ ಪಡೆಯದವರಿಗೂ ಇದ್ದ ವ್ಯತ್ಯಾಸ ಸರಾಸರಿ 3.2 ಕಿಲೋ. ಅಷ್ಟು ಜನ ನುರಿತವರು ನಿಂತು ಮಾಡಿಸಿದಾಗ ಇಷ್ಟು. ಮನೆಯಲ್ಲಿ ಒಬ್ಬ ಅಕ್ಕ ಹತ್ತು ಕಿಲೋ ಇಳಿಸುವ ಲೆಕ್ಕ ಹಾಕಿದರೆ ಇಬ್ಬರಿಗೂ ನಿರಾಸೆಯೇ. ತೂಕ ಇಳಿಯದಿದ್ದರೂ ನಡಿಗೆಯಿಂದ ಹೃದಯಕ್ಕೆ, ನಿದ್ದೆಗೆ, ಮನಸ್ಸಿಗೆ ಸಿಗುವ ಉಪಯೋಗ ಸಿಕ್ಕೇ ಸಿಗುತ್ತದೆ. ತೀವ್ರ ಮನೋರೋಗ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮುಂಚೆ ಸಾಯುತ್ತಿದ್ದಾರೆ. ಅದಕ್ಕೆ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆಯಂಥ ದೇಹದ ರೋಗಗಳೂ ದೊಡ್ಡ ಕಾರಣ. ಹಾಗಾಗಿ ತೂಕ ನೋಡುವ ಕೆಲಸ ವೈದ್ಯರಿಗೆ ಬಿಡಿ, ಮನೆಯಲ್ಲಿ ಯಂತ್ರ ಬೇಡ ಅಂದೆ.

ಈಗ ಅವನು ವಾರದ ಹೆಚ್ಚಿನ ಸಂಜೆಗಳಲ್ಲಿ ಹೊರಗೆ ಹೋಗುತ್ತಾನೆ, ಕೆಲವು ಸಲ ಒಬ್ಬನೇ. ತೂಕ ಏರುವುದು ನಿಂತಿದೆ, ಇಳಿದಿಲ್ಲ. ಕಳೆದ ಭೇಟಿಯಲ್ಲಿ ಅಕ್ಕ ಕೇಳಿದರು: "ಇಷ್ಟು ಚೆನ್ನಾಗಿ ನಡೀತಿದ್ದಾನಲ್ಲ, ಮಾತ್ರೆ ಕಡಿಮೆ ಮಾಡಬಹುದಾ?" ನಡಿಗೆ ಮಾತ್ರೆಗೆ ಬದಲಿ ಅಲ್ಲ, ಪ್ರಮಾಣ ಬದಲಿಸುವುದು ಮನೋವೈದ್ಯರ ತೀರ್ಮಾನ, ನೀವಾಗಿ ಒಂದು ದಿನವೂ ತಪ್ಪಿಸಬೇಡಿ ಅಂದೆ. ತೂಕ ಅಷ್ಟು ಏರಿಸದ ಬೇರೆ ಔಷಧಿಗಳೂ ಇವೆ. ಇವನಿಗೆ ಅವು ಹೊಂದುತ್ತವೆಯೇ ಎಂದು ಮುಂದಿನ ಭೇಟಿಯಲ್ಲಿ ಮನೋವೈದ್ಯರನ್ನು ಕೇಳಲು ಹೇಳಿದೆ. ಆ ಪ್ರಶ್ನೆಯನ್ನು ತಾನೇ ಕೇಳ್ತೀನಿ ಅಂತ ತಮ್ಮ ಚೀಟಿಯಲ್ಲಿ ಬರೆದುಕೊಂಡ.